ಬೇಡವಾದ ಇಂಕ್ ಪೆನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ: ಕೊಡಗಿನ ಪೆನ್ ಪ್ರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಕಡೆ ಇಂಕ್ ಪೆನ್ನಿನ ಆಸೆ ಇರುವವರು ಇನ್ನೂ ಇದ್ದಾರೆ. ಪೆನ್ನು ಕೊಳ್ಳುವಾಗ ಯಾರಿಗೂ ಅಷ್ಟು ಪ್ರಶ್ನೆ ಬರುವುದಿಲ್ಲ. ಕೊಡುವಾಗ ಮಾತ್ರ ನೂರೆಂಟು ಅನುಮಾನ. ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ ಕೊಡುವುದು ಅಂದರೆ ದುಡ್ಡು ತಗೊಳ್ಳದೆ, ಬರೆಯುವ ಇನ್ನೊಬ್ಬರ ಕೈಗೆ ಕೊಡುವುದು.

ಬಳಸದ ಪೆನ್ನು ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದರೆ ಏನಾಗುತ್ತದೆ?

ಇಂಕು ತುಂಬಿದ ಹಾಗೇ ಬಿಟ್ಟಿದ್ದರೆ ನೀರಿನಂಶ ಆರಿ ಬಣ್ಣ ಮಾತ್ರ ಉಳಿಯುತ್ತದೆ. ಅದು ನಿಬ್ಬಿನ ಕೆಳಗಿನ ನಾಲಿಗೆಯ ಸಣ್ಣ ಗೀರುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಇಂಕು ಕೆಳಗೆ ಇಳಿಯುವುದೂ, ಅದರ ಜಾಗಕ್ಕೆ ಗಾಳಿ ಮೇಲೆ ಹೋಗುವುದೂ ಇದೇ ಗೀರುಗಳಲ್ಲಿ. ಅವು ಕಟ್ಟಿಕೊಂಡರೆ ಎಂಥ ಒಳ್ಳೆಯ ಪೆನ್ನೂ ಬರೆಯುವುದಿಲ್ಲ.

ನಮ್ಮಲ್ಲಿ ಇದರ ಮೇಲೆ ಮಳೆಗಾಲ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆಲ್ಟು, ಬೂಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು. ಪೆನ್ನು ಇಡುವ ಚರ್ಮದ ಪೌಚಿಗೂ ಅದೇ ಗತಿ. ಸ್ಟೀಲ್ ನಿಬ್ಬಿನ ಮೇಲೆ ಒಣಗಿದ ಇಂಕಿಗೆ ತೇವ ಸೇರಿದರೆ ಕಲೆ ಬೀಳುತ್ತದೆ. ಕ್ಲಿಪ್ಪಿನ ಲೇಪ ಎದ್ದು ಒಳಗಿನ ಹಿತ್ತಾಳೆ ಹಸಿರುಗಟ್ಟುತ್ತದೆ. ಪಕ್ಕದ ಸಣ್ಣ ಕಡ್ಡಿ ಎತ್ತಿ ಇಂಕು ತುಂಬುವ ಹಳೆಯ ಲಿವರ್ ಪೆನ್ನುಗಳ ಹೊಟ್ಟೆಯಲ್ಲಿ ರಬ್ಬರ್ ಚೀಲ ಇರುತ್ತದೆ. ಬಳಸಿದರೂ ಬಳಸದಿದ್ದರೂ ಅದು ವರ್ಷ ಕಳೆದ ಹಾಗೆ ಗಟ್ಟಿಯಾಗಿ ಕೊನೆಗೆ ಪುಡಿಯಾಗುತ್ತದೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಬೇಡವಾದ ಪೆನ್ನನ್ನು ಅದು ಚೆನ್ನಾಗಿ ಬರೆಯುತ್ತಿರುವಾಗಲೇ ಕೊಡಿ. ಕೆಟ್ಟ ಮೇಲೆ ಕೊಟ್ಟರೆ ತಗೊಂಡವರಿಗೆ ಕೆಲಸ ಜಾಸ್ತಿ, ಕೊಟ್ಟವರಿಗೂ ಸಮಾಧಾನ ಇರುವುದಿಲ್ಲ.

ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಹೇಗೆ ತೀರ್ಮಾನ ಮಾಡುವುದು?

ಎರಡು ಮಳೆಗಾಲ ಕಳೆದರೂ ಇಂಕು ತುಂಬಿಸದ ಪೆನ್ನು ನಿಮಗೆ ಬೇಕಾಗಿಲ್ಲ. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು. ಆದರೆ ಏನಾದರೂ ಒಂದು ಲೆಕ್ಕ ಇರಲಿ, ಇಲ್ಲದಿದ್ದರೆ ಎಲ್ಲವೂ ಬೇಕು ಅಂತಲೇ ಅನಿಸುತ್ತದೆ.

ಎಲ್ಲ ಪೆನ್ನನ್ನೂ ಮೇಜಿನ ಮೇಲೆ ಹರಡಿ. ಒಂದೊಂದರಲ್ಲೂ ಅರ್ಧ ಪುಟ ಬರೆಯಿರಿ. ಎರಡು ಸಾಲು ಸಾಲದು, ಕೈ ಸೋಲುವುದು ಅರ್ಧ ಪುಟದ ಮೇಲೆಯೇ. ತೂಕ ಜಾಸ್ತಿ, ಹಿಡಿಯುವ ಕಡೆ ಜಾರುತ್ತದೆ, ನಿಬ್ಬು ತುಂಬ ದಪ್ಪ. ಇಂಥ ಕಾರಣಕ್ಕೆ ನೀವು ಪಕ್ಕಕ್ಕಿಟ್ಟ ಪೆನ್ನು ಇನ್ನೊಬ್ಬರಿಗೆ ಸರಿಯಾಗಿ ಕೂರಬಹುದು. ಲ್ಯಾಮಿ ಸಫಾರಿಯನ್ನೇ ನೋಡಿ. 1980ರಿಂದ ಬರುತ್ತಿರುವ ಪೆನ್ನು. ಅದರ ಹಿಡಿಯುವ ಭಾಗ ಮೂರು ಮೂಲೆಯಾಗಿದೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಬೆರಳು ನೋಯುತ್ತದೆ. ಬಣ್ಣದ ಆಸೆಗೆ ಅದನ್ನೇ ಎರಡು ಮೂರು ಕೊಂಡವರೂ ಇದ್ದಾರೆ. ಬರೆಯುವುದು ಒಂದರಲ್ಲಿ, ಮಿಕ್ಕವು ಡಬ್ಬದಲ್ಲಿ. ಕೊಡಲು ಶುರು ಮಾಡುವುದಾದರೆ ಅಲ್ಲಿಂದಲೇ ಶುರು ಮಾಡಿ.

ಮನಸ್ಸಿಗೆ ಹತ್ತಿರವಾದ ಪೆನ್ನನ್ನು ಬಲವಂತವಾಗಿ ಕೊಡಬೇಡಿ. ತೊಳೆದು ಒಣಗಿಸಿ ಇಟ್ಟುಕೊಳ್ಳಿ, ಅದು ತಪ್ಪಲ್ಲ.

ಕೊಡುವ ಬದಲು ಮಾರಬಾರದಾ?

ಧಾರಾಳವಾಗಿ ಮಾರಬಹುದು. ದುಬಾರಿ ಪೆನ್ನು, ಮನೆಯಲ್ಲಿ ದುಡ್ಡಿನ ಅಗತ್ಯ ಅಂದಾಗ ಮಾರುವುದೇ ಸರಿ. ಆದರೆ ಎರಡನ್ನೂ ಬೆರೆಸಬೇಡಿ. ಕೊಡುತ್ತೇನೆ ಅಂತ ಹೇಳಿ ಕೊನೆಗೆ "ಏನಾದರೂ ನೋಡಿ ಕೊಡಿ" ಅನ್ನುವುದು ತಗೊಳ್ಳುವವರಿಗೆ ಬಹಳ ಮುಜುಗರ. ನನ್ನ ಪ್ರಕಾರ ಕಡಿಮೆ ಬೆಲೆಯ, ಮಧ್ಯಮ ಬೆಲೆಯ ಪೆನ್ನುಗಳನ್ನು ಸುಮ್ನೆ ಕೊಡುವುದೇ ಚಂದ. ಚೌಕಾಸಿಯಲ್ಲಿ ಹೋಗುವ ಸಮಯಕ್ಕೆ ಆ ಪೆನ್ನಿನಲ್ಲಿ ಇನ್ಯಾರೋ ಒಂದು ನೋಟ್ ಪುಸ್ತಕ ತುಂಬಿಸಿರುತ್ತಾರೆ.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಪೆನ್ನುಗಳು ಸಿಕ್ಕಿವೆ. ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಕೊಡಬಹುದಾ?

ಕೊಡಬಹುದು, ಆದರೆ ಅವಸರ ಬೇಡ. ಮೊದಲು ಮನೆಯವರನ್ನು ಕೇಳಿ. ಅತ್ತೆ, ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು, ಎಲ್ಲರನ್ನೂ. ಆ ಪೆನ್ನಿನಲ್ಲಿ ಅಜ್ಜ ಬರೆದ ಕಾಗದ ಯಾರದೋ ಹತ್ತಿರ ಇರಬಹುದು, ಅವರಿಗೆ ಪೆನ್ನೂ ಬೇಕಿರಬಹುದು. ಹುತ್ತರಿಗೋ ಕೈಲ್ ಮುಹೂರ್ತಕ್ಕೋ ಎಲ್ಲರೂ ಒಟ್ಟು ಸೇರುತ್ತಾರಲ್ಲ, ಅವತ್ತು ಪೆನ್ನುಗಳನ್ನು ಮುಂದಿಟ್ಟು ಕೇಳಿಬಿಡಿ. ಯಾರಿಗೂ ಬೇಡ ಅಂದರೆ ಮುಂದಿನ ಯೋಚನೆ.

ಕೊಡಗಿನ ಹಳೆಯ ಮನೆಗಳಲ್ಲಿ ಒಳ್ಳೆಯ ಪೆನ್ನುಗಳು ಇರುವುದು ಆಶ್ಚರ್ಯ ಅಲ್ಲ. ಸೈನ್ಯದಲ್ಲಿದ್ದವರು ಊರೂರು ತಿರುಗಿ ತಂದಿರುತ್ತಾರೆ. ತೋಟದ ರೈಟರ್ ದಿನಾ ಕೂಲಿಯವರ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್ ಬರೆದಿರುತ್ತಾರೆ. ಮೇಷ್ಟ್ರು, ವಕೀಲರು, ಪತ್ರ ಬರೆಯುವವರು, ಇವರಿಗೆಲ್ಲ ಪೆನ್ನು ಅಂದರೆ ದಿನದ ಉಪಕರಣ.

ಗುರುತಿಸುವುದು ಹೇಗೆ ಅಂತ ಒಂದಿಷ್ಟು ಹೇಳುತ್ತೇನೆ. ನಿಬ್ಬು ಪೂರ್ತಿ ಒಳಗೆ ಅಡಗಿ ತುದಿ ಮಾತ್ರ ಕಾಣುತ್ತಿದ್ದರೆ ಅದು ಪಾರ್ಕರ್ 51 ಇರಬಹುದು, ಇಲ್ಲವೇ ಅದರ ರೂಪವನ್ನೇ ಹೋಲುವ ಚೀನಾದ ಹೀರೋ ಇರಬಹುದು. ಕ್ಯಾಪಿನ ಮೇಲಿನ ಹೆಸರು ಓದಿ. ಪಾರ್ಕರ್ 51 ಬಂದದ್ದು 1941ರಲ್ಲಿ. ಮೊದಲ ಕಾಲದವುಗಳಲ್ಲಿ ಹಿಂಭಾಗದ ಸಣ್ಣ ಮುಚ್ಚಳ ಬಿಚ್ಚಿದರೆ ಒತ್ತುವ ಗುಂಡಿ ಇರುತ್ತದೆ. ಅದರ ಒಳಗಿನ ರಬ್ಬರ್ ಪದರ ಈಗ ಹೋಗಿರುತ್ತದೆ, ರಿಪೇರಿ ಗೊತ್ತಿರುವವರೇ ಬದಲಿಸಬೇಕು. 1948ರಿಂದ ಬಂದವುಗಳಲ್ಲಿ ಹೊಟ್ಟೆ ಬಿಚ್ಚಿದರೆ ಲೋಹದ ಕವಚದ ಒಳಗೆ ಹಿಚುಕುವ ಚೀಲ ಕಾಣುತ್ತದೆ. ಆ ಚೀಲ ರಬ್ಬರಿನದಲ್ಲ, ಬಹಳ ಗಟ್ಟಿಮುಟ್ಟು. ಎಷ್ಟೋ ಸಲ ಬರೀ ತೊಳೆದರೆ ಸಾಕು, ಬರೆಯುತ್ತದೆ.

ಕಪ್ಪಗೆ ಅಥವಾ ಕಂದು ಗೆರೆಗಳಿಂದ ಕೂಡಿ, ಕೈಗೆ ಬೆಚ್ಚಗೆ ಅನಿಸುವ ಪೆನ್ನು ಗಟ್ಟಿ ರಬ್ಬರಿನ, ಅಂದರೆ ಎಬೊನೈಟ್‌ನದು. ರಾಜಮಂಡ್ರಿಯ ರತ್ನಂ ಮತ್ತು ಗೈಡರ್, ಹೈದರಾಬಾದಿನ ಡೆಕ್ಕನ್, ಇವೆಲ್ಲ ಆ ಜಾತಿಯವು. ರತ್ನಂ ಅವರ ಸ್ವದೇಶಿ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು. ಹೆಸರು ಪೆನ್ನಿನ ಮೈಮೇಲೆ ಸಣ್ಣಗೆ ಕೆತ್ತಿರುತ್ತದೆ, ಸವೆದಿದ್ದರೆ ನೇರ ಬೆಳಕಿಗೆ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಹೊಳಪು ಬರಲಿ ಅಂತ ಉಜ್ಜಿದರೆ ಆ ಅಕ್ಷರಗಳೂ ಹೋಗುತ್ತವೆ. ಹಳೆಯ ಪೆನ್ನನ್ನು ಪಾಲಿಶ್ ಮಾಡದೆ ಇದ್ದ ಹಾಗೇ ಕೊಡಿ.

ನಿಬ್ಬು ಚಿನ್ನದ್ದು. ಅದನ್ನು ತೆಗೆದು ಅಕ್ಕಸಾಲಿಗೆ ಕೊಟ್ಟು ಪೆನ್ನು ಮಾತ್ರ ಕೊಟ್ಟರೆ?

ದಯವಿಟ್ಟು ಹಾಗೆ ಮಾಡಬೇಡಿ. 14 ಕ್ಯಾರೆಟ್ ಅಥವಾ 585 ಅಂತ ಇದ್ದರೆ ಅದರಲ್ಲಿ ಶೇಕಡಾ 58.5 ಚಿನ್ನ. 750 ಅಂತ ಇದ್ದರೆ 18 ಕ್ಯಾರೆಟ್. ಬಹುತೇಕ ನಿಬ್ಬುಗಳ ತೂಕ ಒಂದು ಗ್ರಾಮೂ ಇರುವುದಿಲ್ಲ. ಕಾಗದ ಮುಟ್ಟುವ ತುದಿಯಂತೂ ಚಿನ್ನವೇ ಅಲ್ಲ, ಬೇರೆ ಗಟ್ಟಿ ಲೋಹದ ಕಾಳು. ನಿಬ್ಬು ಕಿತ್ತ ಪೆನ್ನಿಗೆ ಸರಿಹೊಂದುವ ಇನ್ನೊಂದು ನಿಬ್ಬು ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

ಕೊಡುವ ಮುಂಚೆ ತೊಳೆಯಲೇಬೇಕಾ? ಹೇಗೆ?

ತೊಳೆಯಲೇಬೇಕು. ಇದೊಂದರಲ್ಲಿ ನಾನು ರಾಜಿ ಆಗುವುದಿಲ್ಲ.

ತಣ್ಣೀರು ಸಾಕು. ಬಿಸಿನೀರು ಬೇಡವೇ ಬೇಡ. ಪ್ಲಾಸ್ಟಿಕ್ ಡೊಂಕಾಗುತ್ತದೆ, ಅಂಟಿಸಿದ ಭಾಗಗಳು ಬಿಡುತ್ತವೆ. ಸ್ಪಿರಿಟ್, ಸ್ಯಾನಿಟೈಸರ್, ನೇಲ್ ಪಾಲಿಶ್ ತೆಗೆಯುವ ದ್ರವ, ಇವನ್ನು ಪೆನ್ನಿನ ಹತ್ತಿರವೂ ತರಬೇಡಿ. ಅಕ್ರಿಲಿಕ್ ಸೀಳುತ್ತದೆ, ಸೆಲ್ಯುಲಾಯ್ಡ್ ಕರಗುತ್ತದೆ.

ಕನ್ವರ್ಟರ್ (ಇಂಕು ಎಳೆದು ತುಂಬಿಕೊಳ್ಳುವ ಬಿಡಿ ಕೊಳವೆ) ಅಥವಾ ಕಾರ್ಟ್ರಿಜ್ (ಇಂಕು ತುಂಬಿಯೇ ಬರುವ ಕೊಳವೆ) ಇದ್ದರೆ ತೆಗೆದಿಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ರಬ್ಬರ್ ಬಲ್ಬು ಅಥವಾ ಸೂಜಿ ಇಲ್ಲದ ಸಿರಿಂಜಿನಿಂದ ನಿಬ್ಬಿನ ಭಾಗದ ಹಿಂದಿನಿಂದ ನೀರು ಮೆಲ್ಲಗೆ ಒತ್ತಿ. ಮೊದಲು ಕಡು ಬಣ್ಣ ಬರುತ್ತದೆ, ಆಮೇಲೆ ತಿಳಿ. ತಿಳಿಯಾಯಿತು ಅಂತ ನಿಲ್ಲಿಸಬೇಡಿ. ನಿಬ್ಬನ್ನು ಒಂದು ಲೋಟ ನೀರಿನಲ್ಲಿ ಅದ್ದಿ ರಾತ್ರಿ ಬಿಡಿ. ಬೆಳಿಗ್ಗೆ ಲೋಟದಲ್ಲಿ ಮತ್ತೆ ಬಣ್ಣ ಇಳಿದಿರುತ್ತದೆ. ನೀರು ಬಣ್ಣವಿಲ್ಲದೆ ಬರುವವರೆಗೆ ಹೀಗೇ ಮಾಡಿ. ಹಠಮಾರಿ ಇಂಕಾದರೆ ಒಂದು ಲೋಟಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದು. ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಹಿಂಭಾಗ ತಿರುಗಿಸಿ ಇಂಕು ಎಳೆಯುವ ಪಿಸ್ಟನ್ ಪೆನ್ನಾದರೆ ನೀರನ್ನು ಎಳೆದು ಬಿಡುವುದೇ ತೊಳೆಯುವ ಕ್ರಮ. ಪಿಸ್ಟನ್ ಬಿಚ್ಚಲು ಹೋಗಬೇಡಿ.

ಎಬೊನೈಟ್ ಪೆನ್ನಿಗೆ ಮಾತ್ರ ಈ ನೆನೆಸುವ ಕೆಲಸ ಬೇಡ. ಜಾಸ್ತಿ ಹೊತ್ತು ನೀರಿನಲ್ಲಿದ್ದರೆ ಅದರ ಕಪ್ಪು ಬಣ್ಣ ಮಾಸಿ ಕಂದು ಅಥವಾ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಹಿಂದೆ ಬರುವುದಿಲ್ಲ. ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಒರೆಸಿ.

ಒಣಗಿಸುವುದು ತೊಳೆಯುವಷ್ಟೇ ಮುಖ್ಯ. ಲೋಟದಲ್ಲಿ ಹಳೆಯ ಹತ್ತಿ ಬಟ್ಟೆ ಮಡಚಿಟ್ಟು ನಿಬ್ಬು ಕೆಳಗೆ ಮಾಡಿ ನಿಲ್ಲಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು. ಮಳೆಗಾಲದಲ್ಲಿ ಮೂರು ದಿನ ಬಿಡಿ. ಬಿಸಿಲು ಬಂತು ಅಂತ ಕಣದಲ್ಲಿ ಕಾಫಿ ಪಕ್ಕ ಇಡಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ.

ಕ್ಯಾಪ್ ಅಂಟಿಕೊಂಡಿದೆ, ಬಿಚ್ಚಲು ಬರುತ್ತಿಲ್ಲ.

ಇಕ್ಕಳ ಹಾಕಬೇಡಿ. ಪ್ಲಾಸ್ಟಿಕ್ ಪೆನ್ನಾದರೆ ಕ್ಯಾಪಿನ ಬಾಯಿ ಮುಳುಗುವಷ್ಟು ತಣ್ಣೀರಿನಲ್ಲಿ ಒಂದೆರಡು ದಿನ ನಿಲ್ಲಿಸಿ. ನೀರು ಬದಲಿಸುತ್ತಾ ಇರಿ. ಅಂಟಿದ್ದು ಒಣಗಿದ ಇಂಕೇ ಆದರೆ ತಾನಾಗಿ ಬಿಡುತ್ತದೆ. ಜಾರದಂತೆ ಹಿಡಿಯಲು ಸೈಕಲ್ ಟ್ಯೂಬಿನ ಸಣ್ಣ ತುಂಡು ಚೆನ್ನಾಗಿರುತ್ತದೆ. ಅಷ್ಟಕ್ಕೂ ಬಿಚ್ಚದಿದ್ದರೆ ಹಾಗೇ ಕೊಡಿ. ಕೈ ಪಳಗಿದವರು ಬಿಚ್ಚುತ್ತಾರೆ. ಎಳೆದಾಡಿ ಸೀಳಿದ ಕ್ಯಾಪನ್ನು ಮಾತ್ರ ಯಾರೂ ಸರಿಮಾಡಲಾರರು.

ನಿಬ್ಬು ಬಾಗಿದೆ, ಕ್ಯಾಪ್ ಸೀಳಿದೆ. ಇಂಥದ್ದನ್ನು ಕೊಡಲು ನಾಚಿಕೆ ಆಗುತ್ತದೆ.

ನಾಚಿಕೆ ಬೇಡ, ಕೆಟ್ಟಿರುವುದನ್ನು ಮೊದಲೇ ಹೇಳಿದರೆ ಸಾಕು. ರಿಪೇರಿ ಕಲಿಯುವವರಿಗೆ ಇಂಥ ಪೆನ್ನೇ ಬೇಕು. ಒಳ್ಳೆಯ ಪೆನ್ನಿನ ಮೇಲೆ ಯಾರಾದರೂ ಕೈ ಪಳಗಿಸುತ್ತಾರಾ? ಒಂದರ ಕ್ಯಾಪ್, ಇನ್ನೊಂದರ ಹೊಟ್ಟೆ, ಮತ್ತೊಂದರ ನಾಲಿಗೆ ಸೇರಿಸಿ ಒಂದು ಇಡೀ ಪೆನ್ನು ಎದ್ದು ನಿಲ್ಲುತ್ತದೆ. ಹೀರೋ 616ರಂಥ ಪೆನ್ನುಗಳಲ್ಲಿ ಇದು ಇನ್ನೂ ಸುಲಭ. ಬಿಡಿಭಾಗಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟು, ರಿಪೇರಿ ಮಾಡುವ ಒಬ್ಬರಿಗೇ ಕೊಡಿ. ಹತ್ತು ಜನರಿಗೆ ಹಂಚಿದರೆ ಯಾರಿಗೂ ಉಪಯೋಗ ಇಲ್ಲ.

ಪೆನ್ನು ಬೇರೆಯವರ ಕೈಗೆ ಕೊಟ್ಟರೆ ನಿಬ್ಬು ಹಾಳಾಗುತ್ತದೆ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ನಿಜವಾ?

ಸ್ವಲ್ಪ ನಿಜ ಇದೆ. ನಿಬ್ಬಿನ ತುದಿಯ ಕಾಳು ಬಹಳ ಗಟ್ಟಿ, ಆದರೂ ವರ್ಷಗಟ್ಟಲೆ ಒಂದೇ ಕೋನದಲ್ಲಿ ಬರೆದರೆ ಅದು ಆ ಕಡೆಗೆ ಸಣ್ಣಗೆ ಸವೆಯುತ್ತದೆ. ಇನ್ನೊಬ್ಬರು ಬೇರೆ ಕೋನದಲ್ಲಿ ಹಿಡಿದಾಗ ಮೊದಲು ಕೊರೆದ ಹಾಗೆ ಅನಿಸಬಹುದು. ಕೆಲವು ವಾರ ಬರೆದರೆ ಕೈ ತಾನಾಗಿ ಸರಿಯಾದ ಕೋನ ಹುಡುಕಿಕೊಳ್ಳುತ್ತದೆ. ನಿಜವಾಗಿ ನಿಬ್ಬು ಹಾಳಾಗುವುದು ಒತ್ತಿ ಬರೆಯುವುದರಿಂದ. ಬಾಲ್ ಪೆನ್ನು ರೂಢಿಯಾದವರು ಒತ್ತುತ್ತಾರೆ, ನಿಬ್ಬಿನ ಎರಡು ಹೋಳಿನ ನಡುವಿನ ಸೀಳು ಅಗಲವಾಗುತ್ತದೆ. ಆದ್ದರಿಂದ ಹೊಸಬರಿಗೆ ಕೊಡುವಾಗ ಎದುರು ಕೂರಿಸಿ ಎರಡು ಸಾಲು ಬರೆಸಿ. ಪೆನ್ನಿನ ತೂಕವೇ ಸಾಕು, ಒತ್ತಬೇಕಿಲ್ಲ ಅಂತ ತೋರಿಸಿಕೊಡಿ. ಹಿರಿಯರ ಭಯಕ್ಕೆ ಅದೇ ಉತ್ತರ.

ಒಂದು ಪೆನ್ನಿಗೆ ಐದಾರು ಜನ ಕೇಳುತ್ತಾರೆ. ಯಾರಿಗೆ ಕೊಡಲಿ?

ಬರೆಯುವವರಿಗೆ ಕೊಡಿ. ಮೊದಲು ಕೇಳಿದವರಿಗೆ ಕೊಡಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮೊಬೈಲ್ ನೋಡುತ್ತಾ ಕೂತವರಿಗೇ ಎಲ್ಲ ಹೋಗುತ್ತದೆ. ನಾಪೋಕ್ಲು ಆಚೆ, ಭಾಗಮಂಡಲದ ಕಡೆ ಇರುವವರಿಗೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅವರು ಕೇಳುವಷ್ಟರಲ್ಲಿ ಪೆನ್ನು ಹೋಗಿರುತ್ತದೆ. ಒಂದು ವಾರ ಬಿಡುವು ಕೊಟ್ಟು, ಕೇಳಿದವರಿಗೆಲ್ಲ ಒಂದೇ ಪ್ರಶ್ನೆ ಹಾಕಿ: ಇದರಲ್ಲಿ ಏನು ಬರೆಯುತ್ತೀರಿ?

ದಿನಚರಿ ಅಂತ ಒಬ್ಬರು ಹೇಳುತ್ತಾರೆ. ತೋಟದ ಮಳೆ ಲೆಕ್ಕ ಅಂತ ಇನ್ನೊಬ್ಬರು. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಮಳೆ ಮಾಪನದ ಪುಸ್ತಕ ಇಂದಿಗೂ ಇದೆ. ದಿನಾ ಬೆಳಿಗ್ಗೆ ಎಷ್ಟು ಇಂಚು ಅಂತ ಬರೆದಿಡುತ್ತಾರೆ. ಒಂದು ಇಂಕ್ ಪೆನ್ನಿಗೆ ಅದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಕಾಲೇಜು ಹುಡುಗಿ ನೋಟ್ಸ್ ಬರೆಯಲು ಅಂದರೆ ಅದೂ ಒಳ್ಳೆಯದೇ. "ನನ್ನ ಹತ್ತಿರ ಈ ಬಣ್ಣ ಇಲ್ಲ" ಅನ್ನುವುದು ಮಾತ್ರ ನನಗೆ ಸಾಲದು. ಪೆನ್ನು ಒಂದು ಡ್ರಾಯರಿನಿಂದ ಇನ್ನೊಂದು ಡ್ರಾಯರಿಗೆ ಹೋಗಲು ಇಷ್ಟೆಲ್ಲ ಶ್ರಮ ಯಾಕೆ ಅಲ್ವಾ?

ಇಬ್ಬರು ಸಮ ಅನಿಸಿದರೆ ಒಂದೂ ಇಂಕ್ ಪೆನ್ನು ಇಲ್ಲದವರಿಗೆ ಕೊಡಿ. ಸಿಗದವರಿಗೆ ಒಂದು ಮಾತು ಹೇಳಿಬಿಡಿ, ಕಾಯಿಸಬೇಡಿ.

ಅಗಲ, ಚಪ್ಪಟೆ ತುದಿಯ ನಿಬ್ಬು ಯಾರಿಗೂ ಬೇಡ ಅನ್ನುತ್ತಾರೆ. ಏನು ಮಾಡಲಿ?

ಅದು ಅಂದದ ಬರಹಕ್ಕೆ ಆಗುವ ನಿಬ್ಬು. ಆಮಂತ್ರಣ, ಪ್ರಮಾಣಪತ್ರ, ಫಲಕ ಬರೆಯುವವರನ್ನು ಕೇಳಿ. ಕುಶಾಲನಗರದ ಹೊಳೆ ದಾಟಿದರೆ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆ. ಟಿಬೆಟಿನ ಅಕ್ಷರಗಳನ್ನು ಹಿಂದಿನಿಂದ ಬರೆಯುತ್ತಾ ಬಂದಿರುವುದು ಓರೆಯಾಗಿ ಕತ್ತರಿಸಿದ ಬಿದಿರಿನ ಲೇಖನಿಯಲ್ಲಿ. ಅಗಲ ತುದಿಯ ನಿಬ್ಬಿನಲ್ಲೂ ಆ ದಪ್ಪ ಸಣ್ಣ ಗೆರೆಗಳು ಚೆನ್ನಾಗಿ ಮೂಡುತ್ತವೆ. ಅಲ್ಲಿ ಅಕ್ಷರ ಕಲಿಯುವವರ ಪರಿಚಯ ಇದ್ದರೆ ವಿಚಾರಿಸಿ ನೋಡಿ.

ಮೊದಲ ಸಲ ಇಂಕ್ ಪೆನ್ನು ಹಿಡಿಯುವವರಿಗೆ, ಮಕ್ಕಳಿಗೆ ಎಂಥದ್ದು ಕೊಡಬೇಕು?

ಸ್ಟೀಲ್ ನಿಬ್ಬು, ಹಗುರ ಮೈ, ಕನ್ವರ್ಟರ್ ಅಥವಾ ಕಾರ್ಟ್ರಿಜ್. ಕನ್ನಡ ಬರೆಯುವವರಿಗೆ ಫೈನ್ ನಿಬ್ಬೇ ಒಳ್ಳೆಯದು. ನಮ್ಮ ಅಕ್ಷರ ಗುಂಡು, ಅದರ ಕೆಳಗೆ ಒತ್ತಕ್ಷರ. ದಪ್ಪ ನಿಬ್ಬಿನಲ್ಲಿ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಜಪಾನಿನ ಪೆನ್ನುಗಳ ಫೈನ್, ಯುರೋಪಿನವುಗಳ ಫೈನ್‌ಗಿಂತ ಇನ್ನೂ ಸಣ್ಣ. ಪೈಲಟ್ ಪೆನ್ನು ಕೊಡುವಾಗ ಇದನ್ನು ಹೇಳಿ. ಡ್ರಾಪರಿನಲ್ಲಿ ಹೊಟ್ಟೆಗೇ ಇಂಕು ತುಂಬುವ ಪೆನ್ನನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ. ಇಂಕು ಕಡಿಮೆಯಾದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಕಕ್ಕುತ್ತದೆ, ಸ್ಕೂಲ್ ಯೂನಿಫಾರ್ಮ್ ಕಥೆ ಮುಗಿಯಿತು.

ಎಡಗೈಯಲ್ಲಿ ಬರೆಯುವವರಿಗೂ ಫೈನ್ ನಿಬ್ಬೇ, ಜೊತೆಗೆ ಬೇಗ ಆರುವ ಇಂಕು.

ಪೆನ್ನಿನ ಜೊತೆ ಏನಾದರೂ ಬರೆದು ಕೊಡಬೇಕಾ?

ಒಂದು ಚೀಟಿ ಇಡಿ, ಅದೇ ಪೆನ್ನಿನಲ್ಲಿ ಬರೆದು. ಬರಹ ನೋಡಿದರೆ ನಿಬ್ಬಿನ ದಪ್ಪ, ಇಂಕಿನ ಹರಿವು ಎಲ್ಲ ತಿಳಿಯುತ್ತದೆ. ಪೆನ್ನಿನ ಹೆಸರು, ನಿಬ್ಬಿನ ಅಳತೆ, ಇಂಕು ತುಂಬುವ ಬಗೆ, ಕೊನೆಗೆ ಹಾಕಿದ ಇಂಕು ಬರೆಯಿರಿ. ಆಮೇಲೆ ಕುಂದುಗಳು. ಇದನ್ನು ಮುಚ್ಚಿಡಬೇಡಿ. "ಕ್ಯಾಪಿನ ಬಾಯಲ್ಲಿ ಕೂದಲೆಳೆ ಸೀಳು ಇದೆ. ಎರಡು ದಿನ ಬಿಟ್ಟರೆ ನಿಬ್ಬು ಒಣಗುತ್ತದೆ. ಮೇಲ್ಮುಖ ಗೆರೆಯಲ್ಲಿ ಸ್ವಲ್ಪ ಕೊರೆಯುತ್ತದೆ." ಇಷ್ಟು ಸ್ಪಷ್ಟವಾಗಿ ಬರೆದರೆ ತಗೊಂಡವರು ಪೆನ್ನನ್ನು ಬೈಯುವುದಿಲ್ಲ, ನಿಮ್ಮನ್ನೂ ಬೈಯುವುದಿಲ್ಲ. ಸುಮ್ನೆ ಕೊಡುತ್ತಿದ್ದೇನೆ, ಇಷ್ಟೆಲ್ಲ ಯಾಕೆ ಹೇಳಬೇಕು ಅನ್ನುವವರಿದ್ದಾರೆ. ದುಡ್ಡು ತಗೊಂಡಿಲ್ಲ ಅಂದ ಮಾತ್ರಕ್ಕೆ ನಿಜ ಹೇಳುವ ಹೊಣೆ ತಪ್ಪುವುದಿಲ್ಲ.

ಬೇರೆ ಊರಿಗೆ ಕಳಿಸುವುದು ಹೇಗೆ?

ಕೈಯಿಂದ ಕೈಗೆ ಕೊಡುವುದೇ ಉತ್ತಮ. ವಾರದ ಸಂತೆಗೆ ಬರುವವರಿದ್ದರೆ ಅಲ್ಲೇ ಕೊಡಬಹುದು. ಆಗದಿದ್ದರೆ ಸ್ಪೀಡ್ ಪೋಸ್ಟ್. ಎಲ್ಲಿಗೆ ಮುಟ್ಟಿತು ಅಂತ ನೋಡಬಹುದು.

ಪೆನ್ನಿಗೆ ಗಟ್ಟಿ ಕವಚ ಬೇಕು. ತೋಟದ ಮನೆಗಳಲ್ಲಿ ಪಿವಿಸಿ ಪೈಪಿನ ತುಂಡುಗಳಿಗೆ ಬರ ಇಲ್ಲ. ಪೆನ್ನಿಗಿಂತ ಎರಡು ಇಂಚು ಉದ್ದದ ತುಂಡು ಕತ್ತರಿಸಿ, ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಹಾಕಿ, ಎರಡೂ ಕಡೆ ಹತ್ತಿ ತುರುಕಿ ಟೇಪ್ ಹಚ್ಚಿ. ಲಾರಿ ಹತ್ತಿದರೂ ಏನೂ ಆಗುವುದಿಲ್ಲ. ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಅಂಚೆ ಕವರ್. ವಿಳಾಸವನ್ನು ಬಾಲ್ ಪೆನ್ನಿನಲ್ಲೋ ಮಾರ್ಕರಿನಲ್ಲೋ ಬರೆಯಿರಿ. ಇಂಕ್ ಪೆನ್ನಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇಲ್ಲಿ ಬೇಡ, ಒಂದು ಮಳೆಗೆ ಅಳಿಸಿಹೋಗುತ್ತದೆ. ವಿಳಾಸದ ಇನ್ನೊಂದು ಪ್ರತಿ ಒಳಗೂ ಇರಲಿ.

ಇಂಕು ತುಂಬಿಸಿ ಕಳಿಸಲೇಬೇಡಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದಿರುತ್ತದೆ. ಪೆನ್ನಿನೊಳಗೆ ಸಿಕ್ಕ ಗಾಳಿ ಹಿಗ್ಗಿ ಇಂಕನ್ನು ಕ್ಯಾಪಿನೊಳಗೆ ತಳ್ಳುತ್ತದೆ. ಅರ್ಧ ತುಂಬಿದ ಪೆನ್ನು ಜೇಬಿನಲ್ಲಿಟ್ಟು ಘಾಟಿ ಹತ್ತಿದವರ ಅಂಗಿ ನೋಡಿದರೆ ಗೊತ್ತಾಗುತ್ತದೆ.

ಉಳಿದ ಇಂಕಿನ ಬಾಟಲಿಗಳನ್ನೂ ಕೊಡಬಹುದಾ?

ಮೊದಲು ಮುಚ್ಚಳ ತೆಗೆದು ಮೂಸಿ. ಕೊಳೆತ ವಾಸನೆ ಇದ್ದರೆ, ಮೇಲೆ ಪೊರೆ ಅಥವಾ ಲೋಳೆ ಕಂಡರೆ ಅದಕ್ಕೆ ಬೂಷ್ಟು ಹಿಡಿದಿದೆ. ಬಾಟಲಿ ಸಮೇತ ಬಿಸಾಡಿ. ಅಂಥ ಇಂಕು ತುಂಬಿದ ಪೆನ್ನಿಗೂ ಬೂಷ್ಟು ದಾಟುತ್ತದೆ. ನಮ್ಮ ಹವೆಯಲ್ಲಿ ಇದು ಅಪರೂಪ ಅಲ್ಲ.

ಚೆನ್ನಾಗಿರುವ ಬ್ರಿಲ್, ಕ್ಯಾಮ್ಲಿನ್, ಸುಲೇಖಾ, ಯಾವುದಾದರೂ ಧಾರಾಳವಾಗಿ ಕೊಡಿ. ನಿಮಗೆ ಬೇಸರ ಬಂದ ಬಣ್ಣ ಇನ್ನೊಬ್ಬರು ಹುಡುಕುತ್ತಿರುವ ಬಣ್ಣ ಆಗಿರಬಹುದು. ಕೊಡವರ ಕಕ್ಕಡ ತಿಂಗಳ 18ರಂದು ಮಾಡುವ ಮದ್ದು ಸೊಪ್ಪಿನ ಪಾಯಸದಂಥ ಕಡು ನೇರಳೆ ಇಂಕು ಸಿಕ್ಕರೆ ನಾನಂತೂ ಬೇಡ ಅನ್ನುವುದಿಲ್ಲ. ಬಾಟಲಿಯನ್ನು ಅಂಚೆಯಲ್ಲಿ ಕಳಿಸಬೇಡಿ, ಕೈಗೇ ಕೊಡಿ.

ಡ್ರಾಯಿಂಗ್ ಇಂಕು ಮತ್ತು ಸ್ಟಾಂಪ್ ಪ್ಯಾಡ್ ಇಂಕು ಇಂಕ್ ಪೆನ್ನಿಗೆ ಅಲ್ಲ. ಡ್ರಾಯಿಂಗ್ ಇಂಕಿನಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ನೀರಿಗೆ ಕರಗುವುದಿಲ್ಲ. ಹಳೆಯ ಪೆನ್ನು ಎಷ್ಟು ತೊಳೆದರೂ ಬಿಡುತ್ತಿಲ್ಲ ಅಂದರೆ ಯಾರೋ ಇದನ್ನು ತುಂಬಿಸಿರುವ ಸಾಧ್ಯತೆ ಇದೆ. ಮಿಂಚುವ ಪುಡಿ ಇರುವ ಇಂಕು ಹಾಕಿದ್ದರೆ ಚೀಟಿಯಲ್ಲಿ ಬರೆಯಿರಿ, ಆ ಪುಡಿ ನಾಲಿಗೆಯಲ್ಲಿ ಬಹಳ ದಿನ ಉಳಿಯುತ್ತದೆ.

ಮೊಂಟ್ ಬ್ಲಾಂಕ್ ಅಂತ ಇದೆ, ಅಸಲಿಯೋ ನಕಲಿಯೋ ಗೊತ್ತಿಲ್ಲ.

ಗೊತ್ತಿಲ್ಲ ಅಂತಲೇ ಹೇಳಿ ಕೊಡಿ. ನಿಬ್ಬಿನ ಮೇಲೆ 4810 ಇದೆ ಅನ್ನುವುದು ಸಾಕ್ಷಿ ಅಲ್ಲ. ಅದು ಆ ಹೆಸರಿನ ಪರ್ವತದ ಎತ್ತರ ಮೀಟರಿನಲ್ಲಿ, ನಕಲಿ ಮಾಡುವವರೂ ಅದನ್ನೇ ಅಚ್ಚು ಹಾಕುತ್ತಾರೆ. ನಕಲಿ ಅಂತ ಖಾತ್ರಿ ಇದ್ದರೆ ಕೊಡಲೇಬೇಡಿ. ಇವತ್ತು ನೀವು ನಿಜ ಹೇಳಿ ಕೊಟ್ಟರೂ ಮೂರನೇ ಕೈಗೆ ಹೋಗುವಾಗ ಅದು ಅಸಲಿ ಆಗಿಬಿಟ್ಟಿರುತ್ತದೆ.

ಹೆಸರು ಕೆತ್ತಿದ ಪೆನ್ನನ್ನು ಯಾರಾದರೂ ತಗೊಳ್ಳುತ್ತಾರಾ?

ಸಂತೋಷವಾಗಿ ತಗೊಳ್ಳುತ್ತಾರೆ. ಹೆಸರು ಉಜ್ಜಿ ತೆಗೆಯಬೇಡಿ. ಮನೆಯವರಿಗೆ ಸಂಕೋಚ ಇದ್ದರೆ ಮಾತ್ರ ಬೇಡ.

ಕೊಟ್ಟ ಪೆನ್ನನ್ನು ಅವರು ಮಾರಿಬಿಟ್ಟರೆ?

ಬೇಜಾರಾಗುತ್ತದೆ. ಆದರೆ ಕೊಟ್ಟ ಮೇಲೆ ಅದು ಅವರದು. ಲೆಕ್ಕ ಕೇಳಲು ಹೋಗಬೇಡಿ. ಕೊಡುವಾಗಲೇ ಒಂದು ಮಾತು ಹೇಳಿ: ನಿಮಗೆ ಬೇಡ ಅನಿಸಿದರೆ ನನಗೆ ವಾಪಸ್ ಕೊಡಿ, ಇಲ್ಲವೇ ಬರೆಯುವ ಇನ್ನೊಬ್ಬರಿಗೆ ಕೊಡಿ. ಹೆಚ್ಚಿನವರು ಈ ಮಾತು ಉಳಿಸಿಕೊಳ್ಳುತ್ತಾರೆ. ಉಳಿಸಿಕೊಳ್ಳದವರಿಗೆ ಇನ್ನೊಮ್ಮೆ ಕೊಡಬೇಕಾಗಿಲ್ಲ.

ಕೊಡಲು ಒಳ್ಳೆಯ ಕಾಲ ಯಾವುದು?

ಮಾರ್ಚ್‌ನಿಂದ ಮೇ. ಕಾಫಿ ಕೊಯ್ಲು ಮುಗಿದಿರುತ್ತದೆ, ಜನ ಸಿಗುತ್ತಾರೆ, ತೊಳೆದ ಪೆನ್ನು ಬೇಗ ಒಣಗುತ್ತದೆ, ಮಳೆ ಹಿಡಿಯುವ ಮುಂಚೆ ಹೊಸ ಕೈ ಸೇರುತ್ತದೆ. ನವೆಂಬರಿನ ಮೊದಲ ಶುಕ್ರವಾರವನ್ನು ಪೆನ್ ಪ್ರಿಯರು ಫೌಂಟನ್ ಪೆನ್ ದಿನ ಅಂತ ಆಚರಿಸುತ್ತಾರೆ, 2012ರಿಂದ. ಆಗಲೂ ಕೊಡಬಹುದು. ಆಯುಧ ಪೂಜೆಗೆ ಪೆನ್ನಿಗೂ ಕುಂಕುಮ ಇಡುವವರು ಒರೆಸಿ ಕೊಡಿ, ಪುಡಿ ನಿಬ್ಬಿನ ಸೀಳಿಗೆ ಇಳಿಯುತ್ತದೆ.

ಅಲ್ಲಿಯವರೆಗೆ ಪೆನ್ನುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೀರುವಿನಲ್ಲಿ ನುಸಿಗುಳಿಗೆ ಪಕ್ಕ ಬೇಡ. ಅದರ ಹೊಗೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಅಂಟುತ್ತದೆ.

ತಗೊಳ್ಳುವವರು ಬದಲಿಗೆ ಏನು ಕೊಡಬೇಕು?

ಅಂಚೆ ಖರ್ಚು ತಗೊಳ್ಳುವವರದು. ಅದನ್ನು ಕೇಳಲು ಸಂಕೋಚ ಬೇಡ, ಅವರೂ ಕೇಳಿಸಿಕೊಳ್ಳುವ ಮುಂಚೆ ಕಳಿಸಿಬಿಡಬೇಕು. ಅದರಾಚೆ ಏನೂ ಇಲ್ಲ. ಮನೆಯ ಕಾಫಿಪುಡಿಯೋ ಕಾಳುಮೆಣಸೋ ಪ್ರೀತಿಯಿಂದ ತಂದರೆ ಬೇಡ ಅನ್ನಬೇಡಿ, ಆದರೆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಪೆನ್ನು ಮುಟ್ಟಿದ ದಿನವೇ ಮುಟ್ಟಿತು ಅಂತ ಹೇಳುವುದು ಮಾತ್ರ ಕಡ್ಡಾಯ. ಇಂಕು ತುಂಬಿಸಿ ಬರೆದು ನೋಡಿ, ಚೀಟಿಯಲ್ಲಿ ಹೇಳಿದ್ದಕ್ಕಿಂತ ಬೇರೆ ತೊಂದರೆ ಕಂಡರೆ ಅದನ್ನೂ ಆಗಲೇ ಹೇಳಿ. ಕೊಟ್ಟವರ ಹತ್ತಿರ ಅದಕ್ಕೆ ಆಗುವ ಇನ್ನೊಂದು ನಿಬ್ಬೋ ಕನ್ವರ್ಟರೋ ಇರಬಹುದು.